ಉಡಿದಾರ ಕತ್ತರಿಸಿದ್ದು ನಾನೇ, ಅತ್ತೀ

ಅತ್ತೀ,

ಸಿಟ್ಟು ಬರುವ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ನೀವು ಹುಟ್ಟಲಿರುವ ಕೂಸಿಗೆಂದು ಹೊಸೆದಿಟ್ಟ ಉಡಿದಾರವನ್ನು ಕತ್ತರಿಸಿದವಳು ನಾನೇ. ಪೂರ್ತಿ ಓದಿ, ಆಮೇಲೆ ಬೈಯಿರಿ.

ನಿಮ್ಮ ಕೊನೆಯ ತಿಂಗಳು ನೆನಪಿದೆ. ಬೈಲಹೊಂಗಲದ ಮನೆಯ ಬಾಗಿಲಲ್ಲಿ ಕುಳಿತು ತೊಡೆಯ ಮೇಲೆ ಕರಿ ನೂಲು ಹೊಸೆಯುತ್ತಿದ್ದಿರಿ. "ಇದೆಲ್ಲಾ ಯಾತಕ್ಕ ಬೇಕ್ರಿ?" ಎಂದು ನಕ್ಕೆ. "ನಿನ್ನ ಶಾಣ್ಯಾತನ ನಿನ್ನ ಹತ್ರ ಇಟಗೋ. ನನ್ನ ಮೊಮ್ಮಗಳ ನಡಕ್ಕ ಇದ ಇರಬೇಕ ನೋಡ" ಎಂದಿರಿ. ಹೆಣ್ಣೇ ಎಂದು ನಿಮಗೆ ಹೇಗೆ ಗೊತ್ತಾಯಿತೋ...

ಹುಟ್ಟಿದಾಗ ಅವಳು ಅತ್ತದ್ದೇ ಕಡಿಮೆ. "ಎಂಥಾ ಶಾಂತ ಕೂಸವಾ!" ಎಂದು ಬಂದವರೆಲ್ಲ ಹೊಗಳಿದರು. ಐದನೆಯ ದಿನ, ನೀವಿಲ್ಲದ ಮನೆಯಲ್ಲಿ, ನಿಮ್ಮ ತಂಗಿ ಆ ದಾರ ಕಟ್ಟಿದರು. ಆರನೆಯ ದಿನ ಕೂಸು ಹಾಲು ಕುಡಿಯುವುದನ್ನೇ ಬಿಟ್ಟಿತು. ಬೆಳಗಾವಿಯ ಆಸ್ಪತ್ರೆಯ ಐಸಿಯುವಿನಲ್ಲಿ ಮಾನಿಟರಿನ ಎದೆಬಡಿತ ಐವತ್ತು ದಾಟಲೇ ಇಲ್ಲ. "ಇಷ್ಟ ಸಣ್ಣ ಕೂಸಿನ ಎದಿ ನೂರರ ಮ್ಯಾಲೆ ಬಡೀಬೇಕ್ರಿ" ಎಂದರು ಡಾಕ್ಟರು. ಪೇಸ್‌ಮೇಕರ್ ಹಾಕಲೇಬೇಕಿತ್ತು. ಗುಬ್ಬಿಯಂಥ ಎದೆಯಲ್ಲಿ ಜಾಗವೆಲ್ಲಿ? ಹೊಟ್ಟೆಯಲ್ಲಿ ಇಡುತ್ತೇವೆ ಎಂದರು.

ಆಪರೇಷನ್ನಿಗೆ ಮುಂಚೆ ನರ್ಸ್ ಕತ್ತರಿ ತಂದರು. ದಾರ ನೋಡಿ ನಕ್ಕಿದ್ದ ನಾನೇ ಅವರ ಕೈ ಹಿಡಿದುಬಿಟ್ಟೆ!

"ನಮ್ಮತ್ತಿ ಹೊಸೆದದ್ದರಿ, ಅವರು ಈಗ ಇಲ್ಲರಿ..."

"ಅಕ್ಕಾ, ಬ್ಯಾಟರಿ ಕುಂದ್ರೂದು ಅಲ್ಲೇ ಐತ್ರಿ. ದಾರ ತಿಕ್ಕಿ ಗಾಯ ಆತಂದ್ರ?"

ನಿಮ್ಮ ದಾರಕ್ಕೆ ಬೇರೆಯವರು ಕತ್ತರಿ ಹಾಕುವುದು ಬೇಡವೆನಿಸಿತು. ಕತ್ತರಿಯನ್ನು ನಾನೇ ಇಸಿದುಕೊಂಡೆ. ಕಣ್ಣು ಮಂಜಾಗಿ ಎರಡು ಸಲ ತಪ್ಪಿತು, ಮೂರನೆಯದಕ್ಕೆ ದಾರ ತುಂಡಾಯಿತು. ನೀವಿದ್ದಿದ್ದರೆ...

ಗೆದ್ದಳು ಅತ್ತೀ, ನಿಮ್ಮ ಮೊಮ್ಮಗಳು ಗೆದ್ದಳು! ಮಾನಿಟರ್ ನೂರಿಪ್ಪತ್ತು ತೋರಿಸಿತು, ತುಟಿಗೆ ಬಣ್ಣ ಬಂತು. ನಿಮ್ಮ ಮಗ ಐಸಿಯು ಬಾಗಿಲಲ್ಲೇ ಕುಣಿದು ನರ್ಸ್ ಕೈಲಿ ಬೈಸಿಕೊಂಡರು. ಈಗ ಹತ್ತು ತಿಂಗಳು. ಬರಿ ನಡು ನೋಡಿ ನಿಮ್ಮ ತಂಗಿ ಇನ್ನೂ ಮುಖ ಗಂಟು ಹಾಕುತ್ತಾರೆ; ಇವಳು ಅವರ ಮೂಗಿನ ಮೇಲಿನ ಚಾಳೀಸು ಕಿತ್ತುಕೊಂಡು ಅಂಬೆಗಾಲಲ್ಲೇ ಪರಾರಿ.

ನಾಳೆ ಚೆಕಪ್ಪಿಗೆ ಬೆಳಗಾವಿ ಬಸ್ಸು ಹತ್ತುತ್ತೇವೆ. ಮುರಗೋಡದ ಒಬ್ಬ ಹುಡುಗಿ ಐಸಿಯು ಹೊರಗೆ ಕುಳಿತಿದ್ದಾಳಂತೆ. ಅವಳ ಕೂಸಿಗೂ ಇದೇ ತೊಂದರೆ. ಹಸುಗೂಸಿನ ಹೊಟ್ಟೆಯಲ್ಲಿ ಮಷೀನೇ ಎಂದು ಹೆದರಿ ಸಹಿ ಹಾಕುತ್ತಿಲ್ಲವಂತೆ. "ನೀವೊಮ್ಮೆ ಬಂದು ಮಾತಾಡ್ರಿ" ಎಂದು ಡಾಕ್ಟರೇ ಫೋನ್ ಮಾಡಿದ್ದರು. ನಾನೇನು ಮಾತಾಡಲಿ? ಮಗಳನ್ನು ಅವಳ ತೊಡೆಯ ಮೇಲೆ ಕೂರಿಸಿ ಇಷ್ಟೇ ಹೇಳುತ್ತೇನೆ: "ಇಕಿ ಎದಿ ಮ್ಯಾಲೆ ಕೈ ಇಟ್ಟ ನೋಡ, ತಂಗಿ."

ನಿಮ್ಮ ಮಾತು ಕೇಳದ
ಸೊಸೆ