ಜಾಣಕಿವುಡಿನ ಫೋನು

ದೇಶದ ಗಾಳಿಯನ್ನು ಹರಾಜು ಹಾಕುವ ಆಯೋಗದ ಅಧ್ಯಕ್ಷರಿಗೆ,

ಮಾನ್ಯರೇ,

ನೀವು ನಮಗೆ ಗಾಳಿ ಮಾರಿದಿರಿ, ನಾವು ಕೊಂಡೆವು. ಆ ಗಾಳಿಯಲ್ಲಿ ಬರುವ ಮಾತು ಕೇಳಿಸದಂಥ ಫೋನನ್ನು ಇಡೀ ದೇಶಕ್ಕೆ ಮಾರಲು ಬೇರೆಯವರಿಗೆ ಬಿಟ್ಟಿರಿ. ಅಂಥದೊಂದು ಫೋನನ್ನು ಕೈಯಲ್ಲಿ ಹಿಡಿದುಕೊಂಡೇ, ನಮ್ಮದೇ ಟವರಿನ ಕೆಳಗೆ, ನನ್ನ ಗಂಡ ಲೀಲ್ಯಾಂಡ್ ಕಳೆದ ಜನವರಿಯಲ್ಲಿ ತೀರಿಕೊಂಡ. ನನ್ನ ದೂರು ಇಷ್ಟೇ, ಮುಂದಿನದೆಲ್ಲ ವಿವರ. ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಬಹುದು. ನಿಮ್ಮ ಕಚೇರಿಗೆ ಅದೇನೂ ಹೊಸ ಅಭ್ಯಾಸವಲ್ಲ.

ನಾನು ಮೊದಲು ಖಾಸಗಿಯಾಗಿಯೇ ಬರೆದೆ. ನಿಮ್ಮಲ್ಲಿ ಯಾರೋ ಒಬ್ಬರು ಬಹಳ ಸಭ್ಯವಾಗಿ ಉತ್ತರಿಸಿದರು. ಯಾವ ಸಂಸ್ಥೆ ಯಾವ ಫೋನನ್ನು ಮಾರಬೇಕೆಂಬುದು ಮಾರುಕಟ್ಟೆಯ ವಿಚಾರವಂತೆ. ಅಂಥ ಜನಪ್ರಿಯ ಫೋನನ್ನು ಮಾರದಿರಲು ನಮ್ಮ ಸ್ಥಳೀಯ ಸಂಸ್ಥೆಗೆ 'ತನ್ನದೇ ಆದ ಕಾರಣಗಳು' ಇರಬಹುದಂತೆ. ನನ್ನ ದುಃಖದಲ್ಲಿ ಅವರೂ ಭಾಗಿಗಳಂತೆ. ಆ ಕಾರಣಗಳೇನೆಂದು ಕೇಳುವ ಕುತೂಹಲ ಮಾತ್ರ ಅವರಿಗೆ ಹುಟ್ಟಲಿಲ್ಲ. ಆದ್ದರಿಂದ ಈ ಸಲ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ನೀವು ಓದದಿದ್ದರೂ ನಿಮ್ಮ ನೆರೆಮನೆಯವರಾದರೂ ಓದಲಿ.

ನಮ್ಮದು ಉತ್ತರ ಡಕೋಟದ ಹಾರ್ನ್ ಕ್ರೀಕ್ ಟೆಲಿಫೋನ್ ಸಹಕಾರ ಸಂಘ. ನಮ್ಮ ಅಜ್ಜಂದಿರ ಕಾಲದಲ್ಲಿ ಇಷ್ಟು ದೂರ ತಂತಿ ಎಳೆಯಲು ಯಾವ ಕಂಪನಿಯೂ ಒಪ್ಪಲಿಲ್ಲ. ಅವರು ದನಗಳಿಗೆ ಹಾಕಿದ್ದ ಬೇಲಿಯ ಮುಳ್ಳುತಂತಿಗೇ ಫೋನು ಕಟ್ಟಿ ಮಾತಾಡಿದರು. ಮಳೆ ಬಂದರೆ ಮಾತು ನಿಲ್ಲುತ್ತಿತ್ತು, ಹೋರಿ ಬೇಲಿ ಮುರಿದರೂ ನಿಲ್ಲುತ್ತಿತ್ತು. ಆಮೇಲೆ ಕಂಬ ನೆಟ್ಟೆವು, ಟವರ್ ಎಬ್ಬಿಸಿದೆವು. ಈ ಸಂಘದಲ್ಲಿ ಗಿರಾಕಿ ಎಂದು ಯಾರೂ ಇಲ್ಲ, ಎಲ್ಲರೂ ಯಜಮಾನರೇ. ಹಾಗಾಗಿ ವರ್ಷಕ್ಕೊಮ್ಮೆ ಶಾಲೆಯ ಜಿಮ್ಮಿನಲ್ಲಿ ಸಭೆ ಸೇರಿ, ಹ್ಯಾಮ್ ತಿಂದು, ಪೈ ತಿಂದು, ಮ್ಯಾನೇಜರ್ ಆರ್ವಿಡ್ ಮೋಯೆನ್‌ನನ್ನು ಚೆನ್ನಾಗಿ ಬೈದು ಮನೆಗೆ ಹೋಗುವುದು ನಮ್ಮ ಪದ್ಧತಿ.

ನೀವು ಗಾಳಿಯನ್ನು, ಅಂದರೆ ಫೋನಿನ ತರಂಗಾಂತರವನ್ನು, ಪಟ್ಟಿ ಪಟ್ಟಿಯಾಗಿ ಹರಾಜಿಗಿಟ್ಟಾಗ ಒಂದು ಪಟ್ಟಿಯನ್ನು ನಾವೂ ಕೂಗಿ ಕೊಂಡೆವು. ನಮ್ಮೂರಿಗೆ ಹೆಸರು ಕೊಟ್ಟ ತೊರೆಯ ಉತ್ತರಕ್ಕೆ, ಅಂದರೆ ಊರು, ಹೆದ್ದಾರಿ, ನಮ್ಮ ಮನೆ ಇರುವ ಕಡೆ, ಹಳೆಯ ಟವರ್ ಇತ್ತು. ದಕ್ಷಿಣಕ್ಕೆ ಬರೀ ಹುಲ್ಲುಗಾವಲು, ದನ, ಹಿಮ. ಅಲ್ಲಿ ಯಾರಿಗಾದರೂ ಏನಾದರೂ ಆದರೆ ಕೂಗಿದರೂ ಕೇಳುವವರಿಲ್ಲ. ಹೊಸ ಗಾಳಿಯ ಹೊಸ ಟವರನ್ನು ನಮ್ಮದೇ ಹುಲ್ಲುಗಾವಲಿನ ಗುಡ್ಡದ ಮೇಲೆ ನಿಲ್ಲಿಸಿದೆವು. ಅದರ ಬುಡಕ್ಕೆ ಕಾಂಕ್ರೀಟ್ ಸುರಿದವರಲ್ಲಿ ಲೀಲ್ಯಾಂಡ್ ಒಬ್ಬ. ಸಂಬಳವಿಲ್ಲ, ಮಧ್ಯಾಹ್ನ ನಾನು ಕಟ್ಟಿಕೊಟ್ಟ ಸ್ಯಾಂಡ್‌ವಿಚ್ ಅಷ್ಟೇ.

ಈಗ ಆ 'ಕಾರಣಗಳಿಗೆ' ಬರೋಣ. ಹಿಂದಿನ ವರ್ಷದ ಸಭೆಯಲ್ಲಿ ಗೇಲನ್ ರೂಡ್ ಎದ್ದು ನಿಂತ. ನಮ್ಮ ನೆರೆಯ ರೈತ, ಬಾಯಿ ಸ್ವಲ್ಪ ಜೋರು.

"ಅಲ್ಲಪ್ಪಾ ಆರ್ವಿಡ್, ಇಡೀ ಅಮೆರಿಕ ಆ ಫೋನ್ ಇಟ್ಕೊಂಡು ಓಡಾಡ್ತಿದೆ. ನೀನು ಮಾತ್ರ ಇನ್ನೂ ಈ ಸೋಪಿನ ಬಿಲ್ಲೆ ಮಾರ್ಕೊಂಡು ಕೂತಿದ್ದೀಯ. ನನ್ನ ಮೊಮ್ಮಗಳು ಇದನ್ನ ನೋಡಿ, ತಾತಾ, ಇದ್ರಲ್ಲಿ ಬಟ್ಟೆ ಒಗೀತೀಯಾ ಅಂತ ಕೇಳ್ತಾಳೆ."

ಎಲ್ಲರೂ ನಕ್ಕರು. ಆರ್ವಿಡ್ ನಗಲಿಲ್ಲ. ಅವನು ಎಂದೂ ನಗುವವನಲ್ಲ.

"ಆ ಫೋನ್ ಮಾಡೋ ಕಂಪನಿ ಷರತ್ತು ಏನು ಗೊತ್ತಾ ಗೇಲನ್? ಮೂರು ವರ್ಷಕ್ಕೆ ಇಷ್ಟು ಫೋನ್ ತಗೊಂಡೇ ತಗೋತೀವಿ ಅಂತ ಮೊದ್ಲೇ ಬರ್ಕೊಡ್ಬೇಕು. ಖರ್ಚಾಗ್ಲಿ ಬಿಡ್ಲಿ. ನಮ್ಮ ಕೌಂಟಿಲಿ ದನ ಕರು ಸೇರ್ಸಿ ಎಣಿಸಿದ್ರೂ ಅಷ್ಟು ತಲೆ ಇಲ್ಲ."

"ನಮ್ಮ ಹೋರಿಗೊಂದು ಕೊಡು ಬಿಡು, ಅದ್ಕೂ ಹೊತ್ತು ಹೋಗಲ್ಲ," ಎಂದರು ಹಿಂದಿನ ಸಾಲಿನಿಂದ ಯಾರೋ.

"ಅದು ಹಾಳಾಗ್ಲಿ, ಹೇಗೋ ಸಾಲ ಮಾಡ್ಬೋದಿತ್ತು," ಎಂದ ಆರ್ವಿಡ್. "ಆದ್ರೆ ಆ ಫೋನಿಗೆ ನಮ್ಮ ಹೊಸ ಗಾಳಿ ಕೇಳ್ಸೋದೇ ಇಲ್ಲ. ದೊಡ್ಡ ಕಂಪನಿಗಳ ತರಂಗಾಂತರ ಮಾತ್ರ ಅದ್ರೊಳಗೆ ಹಾಕಿದ್ದಾರೆ. ನಮ್ದು ಬಿಟ್ಟಿದ್ದಾರೆ. ತೊರೆಯಿಂದ ಈಚೆ ಮಾತಾಡುತ್ತೆ, ಆಚೆ ದಾಟಿದ್ರೆ ಕಿವುಡು."

"ಯಾಕೆ ಬಿಟ್ಟಿದ್ದಾರೆ?" ಇದು ಲೀಲ್ಯಾಂಡ್. ಸಭೆಯಲ್ಲಿ ಅವನು ಬಾಯಿ ಬಿಡುವುದೇ ಅಪರೂಪ.

"ಹಾಕಿ ಅಂತ ಯಾರೂ ಹೇಳಿಲ್ಲ, ಅದಕ್ಕೆ."

"ಹೇಳ್ಬೇಕಾದೋರು ಯಾರು?"

"ಗಾಳಿ ಮಾರಿದ್ರಲ್ಲ, ಅವ್ರೇ. ನೋಡಿ, ನಿಮ್ಮ ಹುಲ್ಲುಗಾವಲಲ್ಲಿ ಸಾಯ್ತಾ ಬಿದ್ದಿದ್ರೂ ಕೆಲಸಕ್ಕೆ ಬಾರದ ವಸ್ತುನ ನಾನು ನಿಮಗೆ ಮಾರಲ್ಲ. ಬೇಕಾದ್ರೆ ನನ್ನ ತೆಗೆದುಹಾಕಿ."

ಇವೇ, ಮಾನ್ಯರೇ, ಆ ಸಂಸ್ಥೆಯ 'ತನ್ನದೇ ಆದ ಕಾರಣಗಳು'. ಆರ್ವಿಡ್ ಆಡಿದ್ದು ಒರಟು ಮಾತು. ನಿಜವಾಗಲಿ ಎಂದು ಅವನು ಆಡಿದ್ದಲ್ಲ. ಇವತ್ತಿಗೂ ಅವನು ನನ್ನನ್ನು ಕಂಡರೆ ಟೋಪಿ ತೆಗೆದು ನೆಲ ನೋಡುತ್ತಾನೆ.

ಆ ಸಭೆಗೆ ನನ್ನ ಮಗ ಡ್ಯಾರಿನ್ ಬಂದಿರಲಿಲ್ಲ. ಅವನ ಹೆಂಡತಿಗೆ ಅದೇ ವಾರ ಹೆರಿಗೆ. ಕ್ರಿಸ್‌ಮಸ್‌ಗೆ ಅವನು ಬಿಸ್ಮಾರ್ಕ್‌ನ ದೊಡ್ಡ ಕಂಪನಿಯ ಅಂಗಡಿಯಿಂದ ಆ ಫೋನು ತಂದು ಅಪ್ಪನ ಕೈಗಿಟ್ಟ. ಮಗುವಿನ ಚಿತ್ರಗಳನ್ನೆಲ್ಲ ಅದರಲ್ಲಿ ತುಂಬಿಸಿದ್ದ. ಲೀಲ್ಯಾಂಡ್ ಕನ್ನಡಕ ಹಾಕಿಕೊಂಡು ಒಂದೊಂದೇ ನೋಡಿದ, ಆಮೇಲೆ ಮೊದಲಿನಿಂದ ಇನ್ನೊಮ್ಮೆ ನೋಡಿದ.

"ಚೆನ್ನಾಗಿದೆ ಕಣೋ," ಎಂದ. "ಆದ್ರೆ ದಕ್ಷಿಣದ ಕಡೆ ಇದು ಕೇಳ್ಸಲ್ಲ ಅಂತಾನೆ ಆರ್ವಿಡ್."

"ಆರ್ವಿಡ್ ಅಂಗಡಿ ನಡೀಬೇಕಲ್ಲಪ್ಪ, ಅವನು ಇನ್ನೇನು ಹೇಳ್ತಾನೆ? ಇಲ್ನೋಡು, ನಕ್ಷೆ. ತೊರೆಯ ಎರಡೂ ಕಡೆ ಬಣ್ಣ ಬಳಿದಿದ್ದಾರೆ. ಇದು ಸರ್ಕಾರ ಒಪ್ಪಿರೋ ನಕ್ಷೆ."

ನಿಜ, ಅದು ನೀವು ಒಪ್ಪಿದ ನಕ್ಷೆ. ಆ ಕಂಪನಿ ತನ್ನ ಸೇವೆ ಎಲ್ಲೆಲ್ಲಿದೆ ಎಂದು ಬಣ್ಣ ಬಳಿದು ನಿಮಗೆ ಒಪ್ಪಿಸಿತು, ನೀವು ಮುದ್ರೆ ಒತ್ತಿದಿರಿ. ಉತ್ತರದ ಬಣ್ಣ ನಮ್ಮ ಹಳೆಯ ಟವರಿನದು, ಅವರು ಬಾಡಿಗೆಗೆ ಪಡೆದದ್ದು. ದಕ್ಷಿಣದ ಬಣ್ಣ ಯಾರದು? ಅಲ್ಲಿ ಅವರದೊಂದು ಮೊಳೆಯೂ ಇಲ್ಲ. ನಿಮ್ಮ ಕಚೇರಿಯಿಂದ ಒಬ್ಬರಾದರೂ ಬಂದು, ತೊರೆ ದಾಟಿ, ಜೇಬಿನಿಂದ ಫೋನು ತೆಗೆದು ನೋಡಿದ್ದರೆ ಸಾಕಿತ್ತು. ಬಂದಿದ್ದರೆ ನಾನೇ ಕಾಫಿ ಕೊಡುತ್ತಿದ್ದೆ. ದೇಶದ ಕಿವಿಯ ಮೇಲೆ ಹೂವಿಡುವುದಕ್ಕೆ ಇಷ್ಟು ದೊಡ್ಡ ಆಯೋಗ ಬೇಕಿತ್ತೇ?

ದಕ್ಷಿಣದಲ್ಲೂ ಕೇಳಿಸುತ್ತಿದ್ದ ಲೀಲ್ಯಾಂಡ್‌ನ ಹಳೆಯ ಸೋಪಿನ ಬಿಲ್ಲೆಗೆ, ಅಂದರೆ ಸಂಘದ ಫೋನಿಗೆ, ತಿಂಗಳ ಕೊನೆಯವರೆಗೆ ದುಡ್ಡು ಕಟ್ಟಿ ಆಗಿತ್ತು. ದಂಡ ಮಾಡುವುದೇಕೆಂದು ಅದನ್ನು ಅಡುಗೆಮನೆಯಲ್ಲಿ, ಬ್ರೆಡ್ಡಿನ ಡಬ್ಬಿಯ ಪಕ್ಕ, ಚಾರ್ಜಿಗೆ ಹಾಕಿಟ್ಟಿದ್ದೆವು. ನಾವು ಅಂಥ ಜನ.

ಜನವರಿಯ ಆ ದಿನ ಮಧ್ಯಾಹ್ನ ಲೀಲ್ಯಾಂಡ್ ದನಗಳಿಗೆ ಹುಲ್ಲು ಹಾಕಲು ತೊರೆಯಾಚೆ ಹೋದ. ಬರುವುದು ತಡವಾಯಿತು. ಊಟಕ್ಕೆ ಬೇಯಿಸಿದ್ದ ಹಾಟ್‌ಡಿಶ್ ಒಲೆಯಿಂದ ಇಳಿಸಿ, ಎಲ್ಲಿದ್ದೀಯ ಎಂದು ಕೇಳಲು ಫೋನು ಮಾಡಿದೆ. ಬ್ರೆಡ್ಡಿನ ಡಬ್ಬಿಯ ಪಕ್ಕ ರಿಂಗಾಯಿತು. ಅಭ್ಯಾಸಬಲದಿಂದ ಹಳೆಯ ನಂಬರನ್ನೇ ಒತ್ತಿದ್ದೆ. ನನಗೆ ನಗು ಬಂತು. ಆ ನಗು ಈಗಲೂ ನನ್ನನ್ನು ಸುಡುತ್ತದೆ. ಹೊಸ ನಂಬರಿಗೆ ಮಾಡಿದರೆ, ಅದು ಸಂಪರ್ಕದಲ್ಲಿಲ್ಲ ಎಂದು ಯಾರೋ ಹೆಂಗಸು ನಯವಾಗಿ ಹೇಳಿದಳು. ಬರುತ್ತಿರಬಹುದು ಎಂದುಕೊಂಡು ಊಟದ ಮೇಲೆ ಬಟ್ಟೆ ಮುಚ್ಚಿದೆ.

ಆಮೇಲೆ, ಹತ್ತಿರದಲ್ಲೇ ಮನೆಯಿರುವ ಡ್ಯಾರಿನ್‌ನನ್ನು ಕಳಿಸಿದೆ. ಹುಲ್ಲಿನ ದೊಡ್ಡ ಉರುಳೆಯೊಂದು ಟ್ರ್ಯಾಕ್ಟರಿನಿಂದ ಜಾರಿ ಲೀಲ್ಯಾಂಡ್‌ನ ಕಾಲುಗಳ ಮೇಲೆ ಬಿದ್ದಿತ್ತು. ಕಾಲು ಮುರಿದರೆ ಯಾರೂ ಸಾಯುವುದಿಲ್ಲ, ಮಾನ್ಯರೇ. ಉತ್ತರ ಡಕೋಟದ ಜನವರಿಯ ಹಿಮದಲ್ಲಿ ಕಾಯುತ್ತ ಮಲಗಿದರೆ ಸಾಯುತ್ತಾರೆ. ಬಲಗೈಯ ಗ್ಲೌಸು ಕಳಚಿತ್ತು, ಆ ಕೈಯಲ್ಲಿ ಫೋನಿತ್ತು. ಪರದೆಯ ಮೂಲೆಯಲ್ಲಿ 'ಸೇವೆ ಇಲ್ಲ' ಎಂದು ಬರೆದಿತ್ತು. ತಲೆಯೆತ್ತಿದರೆ ಕಾಣುವಷ್ಟು ಹತ್ತಿರದಲ್ಲಿ ನಮ್ಮ ಟವರಿನ ಕೆಂಪು ದೀಪ ಉರಿಯುತ್ತಿತ್ತು. ಯಾರ ಗಿರಾಕಿಯೇ ಇರಲಿ, ತುರ್ತು ಕರೆಯನ್ನು ಯಾವ ಟವರೂ ನಿರಾಕರಿಸುವಂತಿಲ್ಲ ಎಂದು ಕಾನೂನಿದೆ. ಒಳ್ಳೆಯ ಕಾನೂನು. ನಮ್ಮ ಟವರ್ ನಿರಾಕರಿಸಲಿಲ್ಲ. ಫೋನಿಗೆ ಅದು ಅಲ್ಲಿದೆಯೆಂದೇ ಗೊತ್ತಾಗಲಿಲ್ಲ.

ಜಾಣಕಿವುಡು ಎಂದರೇನೆಂದು ನನಗೆ ಚೆನ್ನಾಗಿ ಗೊತ್ತು. ನನ್ನ ಗಂಡನಿಗೂ ಇತ್ತು. ಕಸ ಹೊರಗಿಡು ಎಂದರೆ ಪಕ್ಕದಲ್ಲೇ ಕೂತಿದ್ದರೂ ಕೇಳಿಸುತ್ತಿರಲಿಲ್ಲ. ಪೈ ಆಯಿತು ಎಂದರೆ ದನದ ಕೊಟ್ಟಿಗೆಯಿಂದಲೂ ಕೇಳಿಸುತ್ತಿತ್ತು. ನಾನು ಬೈದು ಸುಮ್ಮನಾಗುತ್ತಿದ್ದೆ. ಆ ಫೋನಿಗಿರುವುದೂ ಅದೇ ಕಾಯಿಲೆ. ದೊಡ್ಡವರ ಗಾಳಿ ಮೈಲುಗಟ್ಟಲೆ ದೂರದಿಂದ ಕೇಳುತ್ತದೆ, ನಮ್ಮದು ತಲೆಯ ಮೇಲಿದ್ದರೂ ಕೇಳುವುದಿಲ್ಲ. ಅದಕ್ಕೆ ಈ ಚಟ ಅಂಟಿದ್ದು ಯಾರಿಂದ? ಆರ್ವಿಡ್ ನಿಮಗೆ ವರ್ಷಗಟ್ಟಲೆ ಅರ್ಜಿ ಬರೆದ. ಅವನಂಥ ಸಣ್ಣ ಸಂಘದವರು ಇನ್ನೂ ಎಷ್ಟೋ ಮಂದಿ ಬರೆದರು. ಗಾಳಿಗೆ ದುಡ್ಡು ಎಣಿಸಿಕೊಳ್ಳುವಾಗ ಚುರುಕಾಗಿದ್ದ ಕಿವಿ ಆಮೇಲೆ ಎಲ್ಲಿ ಹೋಯಿತು?

ನನ್ನ ಗಂಡನನ್ನು ವಾಪಸು ಕೊಡಿ ಎಂದು ನಾನು ಕೇಳುತ್ತಿಲ್ಲ, ಪರಿಹಾರವೂ ಬೇಡ. ಕೇಳುತ್ತಿರುವುದು ಮಗನಿಗಾಗಿ. ಡ್ಯಾರಿನ್ ಈಗಲೂ ದಿನಾ ಬೆಳಿಗ್ಗೆ ನಮ್ಮ ಅಂಗಳಕ್ಕೆ ಬರುತ್ತಾನೆ, ಆದರೆ ಒಳಗೆ ಕಾಲಿಡುವುದಿಲ್ಲ. ಇಂಜಿನ್ ಆರಿಸದೆ ಪಿಕಪ್‌ನಲ್ಲೇ ಕೂತಿರುತ್ತಾನೆ. ನಾನು ಕೋಟು ಹಾಕಿಕೊಂಡು ಕಾಫಿ ಅಲ್ಲಿಗೇ ಒಯ್ಯುತ್ತೇನೆ.

"ಒಳಗೆ ಬಾರೋ, ತಣ್ಣಗಾಗುತ್ತೆ."

"ಬೇಡಮ್ಮ."

"ಎಷ್ಟು ದಿನ ಅಂತ ಹೀಗೆ?"

"ಅಪ್ಪನ ಕೈಗೆ ಅದನ್ನ ಕೊಟ್ಟಿದ್ದು ನಾನು. ಅಪ್ಪ ಹೇಳ್ದ, ಕೇಳ್ಸಲ್ಲ ಅಂತ. ನಾನೇ ಬಾಯಿ ಮುಚ್ಚಿಸ್ದೆ."

ನಿನ್ನ ತಪ್ಪಲ್ಲ ಎಂದು ನಾನು ಹೇಳಿದ್ದೇನೆ. ಪಾದ್ರಿಗಳು ಹೇಳಿದ್ದಾರೆ. ಆರ್ವಿಡ್ ಬಂದು ಕಿಟಕಿಯ ಹೊರಗೆ ನಿಂತು ಹೇಳಿದ್ದಾನೆ. ಡ್ಯಾರಿನ್ ನಂಬುವುದಿಲ್ಲ. ತಾಯಿ, ಪಾದ್ರಿ, ನೆರೆಯವರು ಇನ್ನೇನು ತಾನೇ ಹೇಳುತ್ತಾರೆ?

ಆದ್ದರಿಂದ ನನ್ನ ಬೇಡಿಕೆ ಎರಡು. ಈ ದೇಶದಲ್ಲಿ ಮಾರುವ ಪ್ರತಿಯೊಂದು ಫೋನಿಗೂ ನೀವು ಮಾರಿದ ಪ್ರತಿಯೊಂದು ಗಾಳಿಯೂ ಕೇಳಿಸಲೇಬೇಕೆಂದು ಆದೇಶ ಹೊರಡಿಸಿ. ಇದಕ್ಕೆ ಸಮಿತಿ, ವರದಿ, ವಕೀಲರು ಎಂದು ಕಾಲ ಬೇಕಾದೀತು, ಗೊತ್ತು. ಎರಡನೆಯದಕ್ಕೆ ಒಂದು ಹಾಳೆ ಸಾಕು. ನನ್ನ ಮಗನಿಗೆ ಒಂದು ಕಾಗದ ಬರೆಯಿರಿ. ಆ ಫೋನು ಕಿವುಡಾಗಿತ್ತು, ಅದು ನಮಗೆ ಗೊತ್ತಿತ್ತು, ನಕ್ಷೆ ಸುಳ್ಳಾಗಿತ್ತು, ಅದಕ್ಕೆ ಮುದ್ರೆ ಒತ್ತಿದ್ದು ನಾವು, ನೀನಲ್ಲ ಎಂದು. ಕೆಳಗೆ ನಿಮ್ಮ ಸಹಿ ಇರಲಿ, ಆ ನಕ್ಷೆಯ ಮೇಲಿದ್ದ ಮುದ್ರೆಯೇ ಇರಲಿ. ಡ್ಯಾರಿನ್ ಸರ್ಕಾರದ ಮುದ್ರೆ ಕಂಡರೆ ನಂಬುವ ಹುಡುಗ. ಒಮ್ಮೆ ನಂಬಿದ್ದಾನೆ, ಇನ್ನೊಮ್ಮೆಯೂ ನಂಬುತ್ತಾನೆ.

ಅಂಚೆಯಲ್ಲೇ ಕಳಿಸಿ. ಫೋನು ಮಾಡಿದರೆ ಅವನು ಎತ್ತುವುದಿಲ್ಲ.

ಇಂತಿ,
ನೀವು ಮಾರಿದ ಗಾಳಿಯ ಒಡತಿಯರಲ್ಲೊಬ್ಬಳು,
ಆರ್ಡಿಸ್ ಹೋವ್‌ಲ್ಯಾಂಡ್
ಹಾರ್ನ್ ಕ್ರೀಕ್, ತೊರೆಯಿಂದ ಈಚೆ