ಆಡಿಕೊಳ್ಳುವವರ ಜೋಡಿ

27 ಏಪ್ರಿಲ್ 2025, ಭಾನುವಾರ, ಮಧ್ಯಾಹ್ನ 3

ಕರೆಂಟಿಲ್ಲ. ನಲವತ್ತಮೂರು ಡಿಗ್ರಿ. ಚರ್ಚಿನಿಂದ ಬಂದವಳು ಸೀರೆ ಕೂಡ ಬದಲಿಸದೆ ಬರೆಯಲು ಕೂತಿದ್ದೇನೆ. ಹೊಟ್ಟೆಯಲ್ಲೇ ಇಟ್ಟುಕೊಂಡರೆ ಹುಣ್ಣಾದೀತು.

ಆರಾಧನೆ ಮುಗಿದ ಮೇಲೆ ಯೂತ್ ಮೀಟಿಂಗ್. ವಿಷಯ— ದೇವರ ಚಿತ್ತದಂತೆ ಸಂಗಾತಿಯ ಆಯ್ಕೆ. ಪ್ರೊಜೆಕ್ಟರ್, ಏಳು ಪಾಯಿಂಟು, ಕೊನೆಗೆ ಸಮೋಸ. ಮೂವತ್ತೇಳರ ನನ್ನನ್ನೂ ಮುಂದಿನ ಬೆಂಚಿಗೆ ಎಳೆದು ಕೂರಿಸಿದರು. ಮದುವೆಯಾಗದಿದ್ದರೆ ನಮ್ಮ ಚರ್ಚಿನಲ್ಲಿ ಹಲ್ಲು ಉದುರಿದರೂ ಯೂತ್. ಪಾಠ ಮಾಡಿದ್ದು ಪಾಸ್ಟರ್ ಹೆಂಡತಿ, ಎಲ್ಲರ ಬಾಯಲ್ಲಿ ಪಾಸ್ಟರಮ್ಮ. "ಪ್ರಾರ್ಥನಾ ಮಾಡೋ ಗಂಡು ನೋಡ್ರಿ, ಪಗಾರ ನೋಡಬ್ಯಾಡ್ರಿ" ಎಂದರು. ತಮ್ಮ ಮಗಳಿಗೆ ನೋಡಿದ್ದು ದುಬೈ ಪಗಾರ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಪ್ರಾರ್ಥನೆ ಮಾಡುವ ಗಂಡುಗಳನ್ನು ನಾನು ನೋಡಿದಷ್ಟು ಯಾರೂ ನೋಡಿಲ್ಲ. ಹನ್ನೊಂದು ಜನ ಬಂದು ಹೋದರು. ನಮ್ಮಲ್ಲಿ ಹೆಣ್ಣು ನೋಡಲು ಬಂದವನಿಗೆ ಚಹಾಕ್ಕೆ ಮೊದಲು ಪ್ರಾರ್ಥನೆ ಮಾಡಲು ಹೇಳುತ್ತಾರೆ. ಉದ್ದ ಮಾಡಿದರೆ ಒಳ್ಳೆಯ ಹುಡುಗ. ಹುಮನಾಬಾದಿನವನು ಕಣ್ಣೀರು ಸುರಿಸಿ ಚಹಾ ಆರುವ ತನಕ ಮಾಡಿದ. ಆಮೇನ್ ಆದ ಮೇಲೆ ಕೇಳಿದ ಮೊದಲ ಮಾತು— "ಈ ಮನಿ ಯಾರ ಹೆಸರ್ಲೆ ಅದ?"

ಎಲೀಷಕುಮಾರ ಮಾತ್ರ ಒಂದೇ ಸಾಲಿನಲ್ಲಿ ಮುಗಿಸಿ ಬಿಸ್ಕತ್ತಿಗೆ ಕೈ ಹಾಕಿದ. ಕಮಲಾಪುರದ ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರ್, ವಯಸ್ಸು ನಲವತ್ತು. ಜೊತೆಗೆ ಬಂದಿದ್ದ ಪಾಸ್ಟರಮ್ಮನ ಮುಖ ಹುಳ್ಳಗಾಯಿತು. ಅದನ್ನು ನೋಡಿ ಅವನೂ ನಾನೂ ಒಟ್ಟಿಗೆ ನಕ್ಕೆವು. ಅಷ್ಟೇ ಸಾಕಾಯಿತು. ಮೇ 23ಕ್ಕೆ ಮದುವೆ. ಅವ್ವ ಓಣಿಗೆಲ್ಲ ಹೇಳಿಯಾಗಿದೆ. ಕಿವಿ ಮಂದ, ಹಾಗಾಗಿ ಅವಳು ಒಬ್ಬರಿಗೆ ಹೇಳಿದರೆ ಜೇವರ್ಗಿ ಕಾಲೋನಿಯ ಮೂರು ಕ್ರಾಸಿಗೆ ಕೇಳುತ್ತದೆ.

2 ಮೇ, ಸಂಜೆ

ಟ್ಯೂಷನ್ ಮುಗಿಸಿ ಎಲೀಷನ ಜೊತೆ ವಿಡಿಯೋ ಕಾಲ್, ಒಂದು ಗಂಟೆ. ಅವನು ಪಾಸ್ಟರಮ್ಮನಾದ, ನಾನು ಅವರ ಎದುರು ಅಳುವ ಭಕ್ತೆಯಾದೆ. ನಕ್ಕು ನಕ್ಕು ಪಕ್ಕೆ ನೋವು. ಇಷ್ಟು ವರ್ಷ ಈ ಮಂಕುಗಳ ನಡುವೆ ಒಬ್ಬಳೇ ನಗುತ್ತಿದ್ದೆ. ಈಗ ಜೊತೆಗೊಬ್ಬ ಸಿಕ್ಕಿದ್ದಾನೆ. ದೇವರ ಚಿತ್ತ ಅಂದರೆ ಇದೇ ಇರಬೇಕು.

ನಮ್ಮ ಶಾಲೆಯ ಉರ್ದು ಟೀಚರ್ ಮೆಹರೀನ್‌ಗೆ ಹೇಳಿದೆ. ಅವಳು ನಗಲಿಲ್ಲ. "ಊರಾಗಿನ ಮಂದಿ ಎಲ್ಲಾ ಮುಗದ ಮ್ಯಾಲ ನೀವಿಬ್ರೂ ಯಾರ ಮ್ಯಾಲ ನಗತೀರಿ?" ಎಂದಳು. ಹದಿನೆಂಟಕ್ಕೇ ಮದುವೆಯಾದವಳು. ಅವಳಿಗೇನು ಗೊತ್ತು.

4 ಮೇ, ಭಾನುವಾರ

ಮೊದಲ ಪ್ರಕಟಣೆ. ಮೂರು ಭಾನುವಾರ ಪಾಸ್ಟರ್ ನಮ್ಮಿಬ್ಬರ ಹೆಸರು ಓದಬೇಕು, ಆಕ್ಷೇಪಣೆ ಇದ್ದವರು ಹೇಳಲಿ ಎನ್ನಬೇಕು. ಯಾರೂ ಹೇಳಿದ ದಾಖಲೆಯಿಲ್ಲ. ನಮ್ಮವರ ಆಕ್ಷೇಪಣೆಯೆಲ್ಲ ಹೊರಗೆ, ಚಪ್ಪಲಿ ಹುಡುಕುವಾಗ. "ಅಂತೂ ಗಂಟು ಬಿತ್ತು ನೋಡ್ರಿ, ಈ ವಯಸ್ಸಿನಾಗ." ಕೇಳಿಸಿಕೊಂಡೆ. ಹೇಳಿದವಳ ಸೀರೆಯ ಬಣ್ಣ ಯಾವುದೆಂದು ಎಲೀಷನಿಗೆ ವರದಿ ಮಾಡಿದೆ.

11 ಮೇ

ಎರಡನೆಯದೂ ಆಯಿತು. ಕಾರ್ಡು ಬಂತು. ನನ್ನ ಹೆಸರು ತಬಿತಾ ಬದಲು ತಬೀತಾ. ಪ್ರೆಸ್ಸಿನವನಿಗೂ ಬೈದು ಬಂದೆ. ಅವ್ವ ಮಾತ್ರ ಕಾರ್ಡನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಾಳೆ. ಹನ್ನೊಂದು ಸಲ ಚಹಾ ಮಾಡಿದ ಕೈ ಅದು. ಈ ಸಲ ತಪ್ಪಿದರೆ ತಡೆದುಕೊಳ್ಳಲಾರಳು.

14 ಮೇ, ಬುಧವಾರ, ಸಂಜೆ 7

ಕಮಲಾಪುರಕ್ಕೆ ಹೋಗಿದ್ದೆವು, ಅವ್ವ ಮತ್ತು ನಾನು. ಮನೆ ನೋಡಲು. ಬಸ್ಸಿಳಿದು ಕೆಂಪು ಬಾಳೆಹಣ್ಣು ಕೊಂಡೆ. ಮನೆ ಚೆನ್ನಾಗಿದೆ. ಅದನ್ನು ಚೆನ್ನಾಗಿಟ್ಟವಳು ಕರುಣಾ, ಎಲೀಷನ ತೀರಿಹೋದ ಅಣ್ಣನ ಹೆಂಡತಿ. ಏಳು ವರ್ಷದಿಂದ ಅಡುಗೆ, ಬಟ್ಟೆ, ಪಾತ್ರೆ ಎಲ್ಲ ಅವಳದೇ. ಮಾತು ತೊದಲುತ್ತದೆ.

ರೊಟ್ಟಿ, ಪುಂಡಿ ಪಲ್ಯ. ಆ ಮನೆಯಲ್ಲಿ ಅಡುಗೆ ಮಾಡಿದವರೇ ಊಟದ ಪ್ರಾರ್ಥನೆ ಮಾಡಬೇಕಂತೆ. ಕರುಣಾ ಕಣ್ಣು ಮುಚ್ಚಿದಳು. ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡಳು. ಎಲೀಷ ಒಂದು ಕಣ್ಣು ತೆರೆದು ನನ್ನನ್ನು ನೋಡಿದ. ತುಟಿಯನ್ನು ಅವಳ ಹಾಗೆಯೇ ಅಲುಗಿಸಿದ. ಅವಳು ಆಮೇನ್ ಎನ್ನುವಷ್ಟರಲ್ಲಿ ತಾನೂ ತೊದಲಿ, "ಆ... ಆ... ಆಮೇನ್. ರೊಟ್ಟಿ ಆರಿ ತಣ್ಣಗಾತು, ವೈನಿ" ಎಂದ.

ನಕ್ಕೆ. ಅಭ್ಯಾಸ. ನನ್ನ ನಗುವೇ ಅವನದಕ್ಕಿಂತ ಜೋರು. ಏನೂ ಕೇಳಿಸದ ಅವ್ವ, ನಾವು ನಗುತ್ತಿದ್ದೇವೆಂದು ತಾನೂ ನಕ್ಕಳು.

ಆಮೇಲೆ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಕ್ಷಮೆ ಕೇಳಲೆಂದೇನಲ್ಲ, ಅಷ್ಟು ಒಳ್ಳೆಯವಳಲ್ಲ ನಾನು. ಕರುಣಾ ತಟ್ಟೆ ಇಸಿದುಕೊಂಡಳು. ಅವಳ ತೊದಲನ್ನು ಇಲ್ಲಿ ಬರೆಯುವುದಿಲ್ಲ.

"ಬೇಜಾರಿಲ್ರಿ ಟೀಚರ್. ನಮ್ಮ ಮೈದುನ ಎಲ್ಲಾರದೂ ನಕಲು ಮಾಡ್ತಾರ. ನಿಮ್ಮದೂ ಮಾಡ್ತಾರ."

"ನನ್ನದೇನು?"

"ಸೆರಗು ಸೊಂಟಕ್ಕ ಸಿಗಿಸಿ ಬೋರ್ಡ್ ಒರಸೋದು. ಗಂಡು ಬಂದಾನಂದ ಕೂಡ್ಲೆ ಮಾರಿ ಒರಸ್ಕೊಂಡು ಓಡಿ ಬರೋದು. ಛಂದ ಮಾಡ್ತಾರ್ರಿ, ಕಾಲೇಜಿನ ಸರ್‌ಗಳು ಬಂದಾಗ. ನಿಮ್ಮ ಅವ್ವನೋರದಂತೂ ಭಾಳ ಛಂದ. ಕಿವಿಗಿ ಕೈ ಹಚ್ಚಿ, ಬಾಯಿ ತಗದು 'ಆಂ? ಆಂ?' ಅಂತ. ಅದು ನೀವ ಕಲಿಸಿದ್ದಂತಲ್ರಿ, ಫೋನಿನ್ಯಾಗ."

ಕೊಂಕು ಇರಲಿಲ್ಲ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಹೇಳುವ ಹಾಗೆ ಹೇಳಿದಳು.

ಹೌದು. ಕಲಿಸಿದ್ದು ನಾನೇ. ಮಾರ್ಚಿನಲ್ಲಿ, ಎರಡನೆಯ ಫೋನ್ ಕಾಲ್‌ನಲ್ಲೇ. ಅವನನ್ನು ನಗಿಸಬೇಕಿತ್ತು, ಕೈಗೆ ಸಿಕ್ಕವಳು ಅವ್ವ.

17 ಮೇ, ಶನಿವಾರ

ಎರಡು ದಿನ ಪೆನ್ನು ಮುಟ್ಟಲಿಲ್ಲ. ಮೊದಲ ದಿನ ಇದ್ದದ್ದು ಬರೀ ಸಿಟ್ಟು, ನನ್ನನ್ನು ಕುಣಿಸಿ ತೋರಿಸಿದನಲ್ಲ ಎಂದು. ಎರಡನೆಯ ದಿನ ನಾಚಿಕೆ. ನನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದೆ, ಊರವರ ತಟ್ಟೆಯ ನೊಣ ಎಣಿಸುತ್ತಿದ್ದೆ.

ಫೋನ್ ಮಾಡಿ ಕೇಳಿದೆ. ಅವನು ಅಡಗಿಸಲಿಲ್ಲ. "ನೀನೂ ಮಾಡ್ತಿ, ನಾನೂ ಮಾಡ್ತೀನಿ. ಅದಕ್ಕ ಜೋಡಿ ಚಲೋ ಅದ" ಎಂದ. ಆಮೇಲೆ ನಾನು ಬಿಕ್ಕಿದ್ದನ್ನೂ ಹಾಗೆಯೇ ಮಾಡಿ ತೋರಿಸಿದ. ಚೆನ್ನಾಗಿಯೇ ಮಾಡಿದ, ಹಾಳಾದವನು.

ಅವನು ಹೇಳಿದ್ದು ನಿಜ. ಅದೇ ಭಯ. ಹಂಗಿಸುವವರ ಸಾಲಿನಲ್ಲಿ ಕೂರಬಾರದೆಂದು ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ. ಆ ಸಾಲಿನ ಮೊದಲ ಕುರ್ಚಿ ನನ್ನದು, ಪಕ್ಕದ್ದಕ್ಕೆ ಗಂಡು ಹುಡುಕಿಕೊಂಡಿದ್ದೇನೆ. ಅವನೊಬ್ಬನೇ ಕೆಟ್ಟವನಾಗಿದ್ದರೆ ತಿದ್ದಬಹುದು ಎಂದು ಮದುವೆಯಾಗುತ್ತಿದ್ದೆನೋ ಏನೋ. ನಾನು ಇನ್ನಷ್ಟು ಕೆಡುತ್ತೇನೆ. ಕರುಣಾ ದಿನವೂ ನಮ್ಮಿಬ್ಬರಿಗೆ ರೊಟ್ಟಿ ಬಡಿಯುತ್ತಾಳೆ, ನಾವು ದಿನವೂ ಅವಳ ಪ್ರಾರ್ಥನೆಗೆ ನಗುತ್ತೇವೆ. ಮದುವೆಯಾದ ಮೇಲೆ ಅವ್ವನೂ ಅಲ್ಲೇ ಇರಬೇಕಾದವಳು.

ಸಂಜೆ ಪಾಸ್ಟರ್ ಬಳಿ ಹೋಗಿ, ನಾಳೆ ಓದಬೇಡಿ ಎಂದೆ.

"ಕುಡೀತಾನೇನು?"

"ಇಲ್ಲ."

"ಇನ್ನೊಬ್ಬಾಕಿ ಅದಾಳೇನು?"

"ಇಲ್ಲ ರೀ. ಮಂದೀನ ಆಡಿಕೊಳ್ತಾನ. ನಾನೂ ಆಡಿಕೊಳ್ತೀನಿ."

"ಅಷ್ಟಕ್ಕ ಮದುವಿ ಮುರೀತಾರೇನವ್ವಾ? ವಿಶ್ವಾಸಿ ಹುಡುಗ, ನೌಕರಿ ಅದ. ಪ್ರಾರ್ಥನಾ ಮಾಡು, ಸರಿಹೋಗ್ತದ."

ಕುಡಿಯದ, ಕದಿಯದ, ಭಾನುವಾರ ತಪ್ಪಿಸದ ಗಂಡು. ಏಳು ಪಾಯಿಂಟಿನಲ್ಲಿ ಏಳೂ ಟಿಕ್. ಎಂಟನೆಯದನ್ನು ಯಾರೂ ಬರೆದಿಲ್ಲ— ಮನೆಯಲ್ಲಿ ಎದುರು ಮಾತಾಡಲಾಗದವರ ಜೊತೆ ಹೇಗಿರುತ್ತಾನೆ? ನಾನು ಹೇಗಿರುತ್ತೇನೆ?

ಅವ್ವ ಒಳಗೆ ಬಳೆ ಅಳತೆ ನೋಡುತ್ತಿದ್ದಾಳೆ.

18 ಮೇ, ಭಾನುವಾರ, ಮಧ್ಯಾಹ್ನ 1.30

ಪಾಸ್ಟರ್ ಓದಿದರು. ಆಕ್ಷೇಪಣೆ ಎಂಬ ಪದವನ್ನು ನುಂಗಿ, ಉಸಿರೂ ಬಿಡದೆ ಹಾಡಿನ ನಂಬರಿಗೆ ಹಾರಿದರು. ಜಾಣರು.

ಎದ್ದು ನಿಂತೆ. "ನಿಲ್ರಿ. ಆಕ್ಷೇಪಣಾ ಅದ."

"ಯಾರದು?"

"ನಂದು ರೀ. ಹುಡುಗೀದು."

ಕೀಬೋರ್ಡ್ ನಿಂತಿತು. ಕಾರಣ ಕೇಳಿದರು, ಹೇಳಿದೆ. "ನಾವಿಬ್ರೂ ಮಂದೀನ ಹಂಗಸೋರು. ಬ್ಯಾರೆ ಬ್ಯಾರೆ ಇದ್ರ ಊರು ತಡಕೋತದ. ಒಂದ ಮನಿಯಾಗ ಹಾಕಬ್ಯಾಡ್ರಿ." ಹಿಂದೆ ಯಾರೋ ಕಿಸಕ್ಕೆಂದರು. ಪಾಸ್ಟರಮ್ಮ, "ಹುಡುಗಿಗಿ ಗಾಳಿ ಹಿಡದದ, ಕೈ ಇಟ್ಟು ಪ್ರಾರ್ಥನಾ ಮಾಡ್ರಿ" ಎಂದರು. ಅವರ ದನಿಯನ್ನು ಮನಸ್ಸು ಆಗಲೇ ಕಲಿಯಲು ಶುರುಮಾಡಿತ್ತು. ಇಷ್ಟಾದರೂ!

ಅವ್ವನ ಕೈ ಹಿಡಿದು ಹೊರಗೆ ಬಂದೆ. ಅವಳಿಗೆ ಒಂದಕ್ಷರ ಕೇಳಿಸಿಲ್ಲ. ಆಟೋದಲ್ಲಿ ಕೇಳಿದಳು, "ಎಲ್ಲಾರೂ ಯಾಕ ನಮ್ಮ ಕಡಿ ನೋಡ್ಲಾಕತ್ತಿದ್ರು? ನಾ ಏನರ ಜೋರಾಗಿ ಮಾತಾಡಿದ್ನೇನು?" ಮನೆಗೆ ಹೋಗಿ ಹೇಳುತ್ತೇನೆ ಎಂದು ಸನ್ನೆ ಮಾಡಿದೆ. ತಪ್ಪು ತನ್ನದೇ ಎಂದುಕೊಂಡು ದಾರಿಯುದ್ದಕ್ಕೂ ಬಾಯಿಗೆ ಸೆರಗು ಹಿಡಿದು ಕೂತಿದ್ದಳು.

ಅವನು ನಿನ್ನನ್ನು ಅಣಕಿಸಿದ ಎಂದರೆ ಮುಗಿಯಿತು. ಅವ್ವ ಅವನ ವಂಶಕ್ಕೆಲ್ಲ ಶಾಪ ಹಾಕಿ ನನ್ನನ್ನು ಅಪ್ಪಿಕೊಳ್ಳುತ್ತಾಳೆ. ಸುಳ್ಳೂ ಅಲ್ಲ. ಆದರೆ ಅರ್ಧ. ಉಳಿದರ್ಧವನ್ನು ಮೆಲ್ಲಗೆ ಹೇಳುವ ಅನುಕೂಲ ಈ ಮನೆಯಲ್ಲಿಲ್ಲ. ಮೂರು ಕ್ರಾಸಿಗೆ ಕೇಳುವ ಹಾಗೆ ಕೂಗಿಯೇ ಹೇಳಬೇಕು— ಮೊದಲು ಮಾಡಿದವಳು ನಾನು ಎಂದು.

ಅವ್ವ ಮುಖ ತೊಳೆದು ಬಂದಳು. ಮಂಚದ ಮೇಲೆ ಕೂತಳು. ಕಿವಿಗೆ ಕೈ ಹಚ್ಚಿಕೊಂಡು, ಬಾಯಿ ತುಸು ತೆರೆದು, ನನ್ನ ಮುಖವನ್ನೇ—