ದೊರೆ ಬಂಗಲೆಗೆ ಎರಡು ಬಾಳೆಹಣ್ಣು

೩ ಮಾರ್ಚ್ ೧೯೫೯, ಮಂಗಳವಾರ

ಬೆಳಿಗ್ಗೆ ನಲ್ಲಿ ಮುಂದೆ ಸಾಲು, ಆಮೇಲೆ ಸೊಪ್ಪು ಸೋಸಿದ್ದು, ಆಮೇಲೆ ಅವ್ವನ ಜೊತೆ ಜಗಳ. ದಿನಾ ಇದೇ. ಇವತ್ತಿನ ಜಗಳಕ್ಕೆ ಮಾತ್ರ ಹೊಸ ಕಾರಣ — ಆರ್ಡರ್ ಬಂದಿದೆ! ದೊರೆ ಬಂಗಲೆ ಮ್ಯೂಸಿಯಂನಲ್ಲಿ — ಹಿಂದೆ ಬಿಳಿ ದೊರೆ ಇದ್ದ ಮನೆ — ಗೈಡ್ ಕೆಲಸ. ಬಂದವರಿಗೆ ಕೋಣೆ ಕೋಣೆ ತೋರಿಸಿ ವಿವರ ಹೇಳುವುದು. ಏಪ್ರಿಲ್ ಒಂದಕ್ಕೆ ಸೇರಬೇಕು. ಇಂಟರ್‌ಮೀಡಿಯೆಟ್ ಮುಗಿಸಿಯೂ ಸೊಪ್ಪು ಸೋಸಿದ್ದೇ ಬಂತಲ್ಲ ಅಂತಿದ್ದೆ. ಕುಣಿಯುವಷ್ಟು ಖುಷಿ.

ಅವ್ವ ಕುಣಿಯಲಿಲ್ಲ. "ಸತ್ತೋರ ಸಾಮಾನು ಕಾಯೋದೂ ಒಂದು ಕೆಲ್ಸಾನಾ? ದೀಪ ಅಚ್ಚೋರಿಲ್ದ ಮನೆ ಕಣೇ ಸರೋಜಿ ಅದು. ಬ್ಯಾಡ ಅಂದ್ರೆ ಬ್ಯಾಡ, ಬುಡು."

ಅಪ್ಪ ಹೋದ ಮೇಲೆ ಮಂಡಿ ಮೊಹಲ್ಲಾದಲ್ಲಿ ಒಬ್ಬಳೇ ಸೊಪ್ಪಿನ ಅಂಗಡಿ ನಡೆಸಿ ನನ್ನನ್ನು ಓದಿಸಿದವಳು. ಅವಳನ್ನು ಮೀರಿ ಹೋಗಲಾರೆ. ಹೋಗದೆ ಇರಲೂ ಆಗದು.

೫ ಮಾರ್ಚ್, ಗುರುವಾರ

ಮನೆಯಲ್ಲಿ ಮಾತಿಲ್ಲ. ಸಾರಿಗೆ ಉಪ್ಪೂ ಇಲ್ಲ. ಕೇಳುವ ಧೈರ್ಯ ಯಾರಿಗಿದೆ?

ಕೊನೆಗೆ ನಾನೇ ಬಾಯಿ ಬಿಟ್ಟೆ. "ಒಂದ್ಸಲ ಬಂದು ನೋಡವ್ವ. ಆಮೇಲೂ ಬೇಡ ಅಂದ್ರೆ ಆರ್ಡರ್ನ ಒಲೆಗೆ ಹಾಕ್ತೀನಿ."

ಹೇಳಿಬಿಟ್ಟೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ!

೮ ಮಾರ್ಚ್, ಭಾನುವಾರ, ಸಂಜೆ

ಅಯ್ಯೋ, ಏನಂತ ಬರೆಯಲಿ.

ಅವ್ವ ರೇಷ್ಮೆ ಸೀರೆ ಉಟ್ಟು ಹೊರಟಳು. ಸೆರಗಿನ ತುದಿಯಲ್ಲಿ ಏನೋ ಗಂಟು. ಕೇಳಲಿಲ್ಲ. ಬಂಗಲೆ ಮೆಟ್ಟಿಲಲ್ಲೇ ಚಪ್ಪಲಿ ಬಿಟ್ಟಳು. ಕಾವಲಿನ ಬೆಟ್ಟಯ್ಯ, "ಆಕ್ಕಂಡೇ ಬನ್ನಿ, ಇದೇನು ಗುಡಿಯಲ್ಲ" ಅಂದ.

"ಮನೆ ತಾನೆ?" ಅಂದಳು.

ಹಜಾರದಲ್ಲಿ ದೊರೆ, ದೊರೆಸಾನಿಯ ಆಳೆತ್ತರದ ಪಟ. "ಗಂಡ ಪಕ್ಕದಲ್ಲೇ ಗುಂಡುಕಲ್ಲಂಗೆ ನಿಂತವ್ನೆ, ಇವಳ ಅಣೆ ಬೋಳು! ಪಾಪ, ಏಳ್ಕೊಡೋರು ಯಾರೂ ಇರ್ನಿಲ್ವೇನೋ." ಅಂದಳು ಅವ್ವ. ನಗು ತಡೆದುಕೊಂಡೆ.

ಊಟದ ಕೋಣೆ. ಉದ್ದನೆಯ ಮೇಜು, ಸಾಲಾಗಿ ಪಿಂಗಾಣಿ ತಟ್ಟೆ, ಯಾರೂ ಮುಟ್ಟದಂತೆ ಸುತ್ತ ಹಗ್ಗ. ಅವ್ವ ಅಲ್ಲೇ ನಿಂತುಬಿಟ್ಟಳು. "ಬರೀ ತಟ್ಟೆ ಆಕಿ ಬಡಿಸ್ದೆ ಬುಟ್ಟವ್ರಲ್ಲೇ!" ನಾನು ವಿವರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಸೆರಗಿನ ಗಂಟು ಬಿಚ್ಚಿ, ಹಗ್ಗದ ಮೇಲಿಂದ ಕೈ ಚಾಚಿ... ದೊರೆಸಾನಿ ತಟ್ಟೆಯಲ್ಲಿ ಎರಡು ರಸಬಾಳೆಹಣ್ಣು, ಎಲೆ ಅಡಿಕೆ!

ಬೆಟ್ಟಯ್ಯ ಕೂಗಿಕೊಂಡ. ಕ್ಯುರೇಟರ್ ದೊರೆಸ್ವಾಮಿಗಳು ಓಡಿಬಂದರು. ಮುಗಿಯಿತು, ಸೇರುವ ಮೊದಲೇ ನನ್ನ ಕೆಲಸ ಹೋಯಿತು ಅಂದುಕೊಂಡೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಏನಮ್ಮ ಇದು?"

"ಮೊದಲ್ನೇ ಸಲ ಒಂದು ಮನೆಗೆ ಬರಿಗೈಲಿ ಬರಕಾಯ್ತದಾ ಸ್ವಾಮಿ? ಈಸ್ಕೊಳ್ಳೋಕೆ ಯಾರೂ ಕಾಣ್ನಿಲ್ಲ, ಅದಕ್ಕೆ ಅಲ್ಲಿಟ್ಟೆ. ಇಷ್ಟು ದೊಡ್ಡ ಮನೇಲಿ ಬನ್ನಿ ಅನ್ನೋಕೂ ಒಬ್ರಿಲ್ವಲ್ಲ!"

ಅವರು ತಟ್ಟೆ ನೋಡಿದರು. ಅವ್ವನನ್ನು ನೋಡಿದರು. ಹಣ್ಣೆತ್ತಿ ಕಣ್ಣಿಗೊತ್ತಿಕೊಂಡರು! "ಹೆಸರಿಗಾದ್ರೂ ನಾನೂ ದೊರೆಯೇ ಕಣಮ್ಮ. ನನಗೇ ಕೊಟ್ರಿ ಅಂದ್ಕೊಳ್ಳಿ. ಬನ್ನಿ ಅನ್ನೋಕೇ ಅಲ್ವಾ ನಿಮ್ಮ ಮಗಳನ್ನ ಕರೆದಿರೋದು?"

ಹೊರಡುವಾಗ ಅವ್ವ ದೊರೆಸಾನಿ ಪಟದ ಕಡೆ ತಿರುಗಿ, "ಬತ್ತೀವಿ ಕಣವ್ವ" ಅಂದಳು. ಈ ಸಲ ನನಗೆ ನಗು ಬರಲಿಲ್ಲ.

ಮನೆಯ ಬೀಗ ತೆಗೆಯುತ್ತಾ ಅವ್ವ ಅಂದಳು, "ಸೇರ್ಕೊ ಬುಡು. ಮನೆ ಅಂದ್ಮೇಲೆ ಬಂದೋರ್ನ ಬನ್ನಿ ಅನ್ನೋಕೆ ಒಂದು ಜೀವ ಇರ್ಬೇಕು."

ಬಚ್ಚಲಿಗೆ ಹೋಗಿ ಅತ್ತೆ. ಖುಷಿಗೆ.

೧ ಏಪ್ರಿಲ್, ಬುಧವಾರ, ಮ್ಯೂಸಿಯಂನಲ್ಲಿ

ನನ್ನದೇ ಮೇಜು, ನನ್ನದೇ ಕುರ್ಚಿ. ಕುರ್ಚಿಯ ಒಂದು ಕಾಲು ಕುಂಟು — ಇರಲಿ. ಬಾಯಿಪಾಠ ಮಾಡಿದ್ದ ಇಂಗ್ಲಿಷೆಲ್ಲ ಮರೆತುಹೋಗಿದೆ. ಬೆಟ್ಟಯ್ಯ ಪಟದ ಚೌಕಟ್ಟು ಒರೆಸುತ್ತಾ, "ನಿಮ್ಮವ್ವಾರು ಮತ್ತೆ ಯಾವಾಗ ಬತ್ತಾರೆ? ಅಣ್ಣು ಸೆಂದಾಗಿತ್ತಂತೆ" ಅಂತ ಛೇಡಿಸುತ್ತಿದ್ದಾನೆ.

ಇನ್ನೂ ಯಾರೂ ಬಂದಿಲ್ಲ... ಇಲ್ಲ, ಮೆಟ್ಟಿಲ ಹತ್ತಿರ ಒಬ್ಬಳು ಹೆಂಗಸು. ಹಳ್ಳಿಯವಳು, ಕಂಕುಳಲ್ಲಿ ಕೂಸು. ಒಳಗೆ ಬರಲೋ ಬೇಡವೋ ಅಂತ ಇಣುಕುತ್ತಿದ್ದಾಳೆ. ಚಪ್ಪಲಿ ಬಿಡುತ್ತಿದ್ದಾಳೆ. ಎದ್ದೆ — ಬನ್ನಿ, ಒಳಗೆ ಬನ್ನಿ ಅನ್ನಬೇಕು.